ಗಾಡಿಗೆ ನೀರು ಹಾಕುವ ಮೊದಲು

ಗಾಡಿ ತೊಳೆಯುವುದರಲ್ಲಿ ಬರೆಯುವಂಥದ್ದು ಏನಿದೆ ಎಂದು ನಮ್ಮವರು ಕೇಳಿದರು. ಬಕೆಟ್ಟು, ಬಟ್ಟೆ, ನೀರು, ಅಷ್ಟೇ ಅಲ್ಲವೇ ಎಂದರು. ನಾನೂ ಮೊದಮೊದಲು ಹಾಗೇ ತಿಳಿದಿದ್ದೆ. ಇಪ್ಪತ್ತಾರು ವರ್ಷ ಆ ಕೆಲಸ ಮಾಡಿ, ಮೊಣಕಾಲು ಇನ್ನು ಸಾಕು ಎಂದ ಮೇಲೆ ಮನೆಯಲ್ಲಿ ಕುಳಿತು ಯೋಚಿಸಿದರೆ ಬೇರೆಯೇ ಅನ್ನಿಸುತ್ತದೆ. ತೊಳೆಯುವುದು ಅರ್ಧ ತಾಸಿನ ಕೆಲಸ, ಯಾರಿಗಾದರೂ ಬರುತ್ತದೆ. ಅದಕ್ಕಿಂತ ಮೊದಲು ಏನು ಮಾಡಬೇಕು ಎಂಬುದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು. ಅದರಲ್ಲಿ ಒಂದು ಪಾಠ ಕಲಿಯುವಾಗ ನನ್ನ ಗೆಳತಿಯ ಜೀವವೇ ಹೋಗುವುದರಲ್ಲಿತ್ತು.

ಈಗ ನಾವಿರುವುದು ಗಡಹಿಂಗ್ಲಜದಲ್ಲಿ. ನಮ್ಮ ಓಣಿಯ ಐವರು ಹೆಣ್ಣುಮಕ್ಕಳು ತಮ್ಮ ಉಳಿತಾಯ ಸಂಘವಾದ ಬಚತ ಗಟದಿಂದ ಒಂದು ಪ್ರೆಶರ್ ಪಂಪು ಕೊಂಡಿದ್ದಾರೆ. ಮನೆಮನೆಗೆ ಹೋಗಿ ಗಾಡಿ ತೊಳೆದು ಕೊಡಬೇಕೆಂದು ಅವರ ಆಸೆ. ಕಲಿಸಲು ಬಾ ಮಾವಶಿ ಎಂದು ಕರೆದರು. ಹೋದೆ. ಆದರೆ ಬಾಯಿಂದ ಹೇಳಿದ್ದು ಮರೆತುಹೋಗುತ್ತದೆ, ಬರೆದು ಕೊಡು ಎಂದರು. ನಾನು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಬರೆದದ್ದು ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ. ರವಿವಾರ ಮನೆಯ ಮುಂದೆ ತಮ್ಮ ಗಾಡಿ ತಾವೇ ತೊಳೆಯುವವರಿಗೂ ಇದರಿಂದ ಉಪಯೋಗವಾದರೆ ಸಂತೋಷ.

ನನ್ನ ಹೆಸರು ನೀಲವ್ವ. ತವರು ಬನಹಟ್ಟಿಯ ಕಡೆ. ಮದುವೆಯಾಗಿ ಇಚಲಕರಂಜಿಗೆ ಬಂದೆ. ನಮ್ಮವರು ಅಲ್ಲಿ ಪವರ್‌ಲೂಮ್ ನಡೆಸುತ್ತಿದ್ದರು. ನಾನು ಅದೇ ಕಾರಖಾನೆಯಲ್ಲಿ ನೂಲಿನ ಕಾಂಡಿ ಸುತ್ತುವ ಯಂತ್ರದ ಮುಂದೆ ಕೂರುತ್ತಿದ್ದೆ. ಹತ್ತು ವರ್ಷ ನೂಲಿನ ಧೂಳು ಕುಡಿದು ಎದೆ ಕಟ್ಟಿತು. ಕೆಮ್ಮು ಹಿಡಿದರೆ ಬಿಡುತ್ತಿರಲಿಲ್ಲ. ಡಾಕ್ಟರು ಔಷಧ ಬರೆದುಕೊಟ್ಟು, ಈ ಕೆಲಸ ಬಿಟ್ಟರೆ ಮಾತ್ರ ಇದು ನಾಟುತ್ತದೆ ಎಂದರು. ಅದೇ ಹೊತ್ತಿಗೆ ಊರ ಹೊರಗಿನ ಒಂದು ವಾಷಿಂಗ್ ಸೆಂಟರಿನವರು ಗಾಡಿಗಳ ಒಳಗೆ ಗುಡಿಸಿ ಒರೆಸಲು ಹೆಂಗಸರನ್ನು ಹುಡುಕುತ್ತಿದ್ದರು. ನಾನೂ ಪಕ್ಕದ ಮನೆಯ ಕಮಲಾಳೂ ಒಂದೇ ದಿನ ಸೇರಿಕೊಂಡೆವು. ಕಮಲಾ ನನಗಿಂತ ನಾಲ್ಕು ವರ್ಷ ಚಿಕ್ಕವಳು, ಕೆಲಸದಲ್ಲಿ ನನಗಿಂತ ಚುರುಕು.

ಅಲ್ಲಿಯ ಮಿಸ್ತ್ರಿ ದತ್ತೂ ಮಾಮಾ. ತಲೆಗೆ ಬಿಳಿ ಟೋಪಿ, ಮೊಣಕಾಲವರೆಗೆ ಮಡಚಿದ ಪ್ಯಾಂಟು, ಕಾಲಲ್ಲಿ ಯಾವಾಗಲೂ ರಬ್ಬರಿನ ಬೂಟು. ಮರಾಠಿಯವರು, ಆದರೆ ನಮ್ಮಂಥವರ ಜೊತೆ ತಮ್ಮದೇ ಒಂದು ಕನ್ನಡ ಆಡುತ್ತಿದ್ದರು. ಮೊದಲ ದಿನ ನಾನು ಸೀರೆಯನ್ನು ಎತ್ತಿ ಕಟ್ಟಿ, ಬಕೆಟ್ಟು ಹಿಡಿದು ಮುಂದೆ ನಿಂತೆ. ಅವರು ಬಕೆಟ್ಟನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟರು.

"ಆಧೀ ಬಘ, ಮಗ ಹಾತ ಲಾವ," ಎಂದರು. ಮೊದಲು ನೋಡು, ಆಮೇಲೆ ಕೈ ಹಚ್ಚು.

ಎಂಟು ದಿನ ನನಗೂ ಕಮಲಾಗೂ ಅದೇ ಕೆಲಸ. ಬಂದ ಗಾಡಿಯ ಸುತ್ತ ಒಂದು ಸುತ್ತು ಬಂದು, ಏನು ಕಂಡಿತು ಎಂದು ಅವರಿಗೆ ಹೇಳಬೇಕು. ನಾನು ಏನೂ ಇಲ್ಲ ಎನ್ನುತ್ತಿದ್ದೆ. ಅವರು ಬಂದು ನಾಲ್ಕು ತೋರಿಸುತ್ತಿದ್ದರು. ಹಿಂದಿನ ಕಿಟಕಿ ಎರಡು ಬೆರಳಷ್ಟು ತೆರೆದಿದೆ. ಪೆಟ್ರೋಲ್ ಮುಚ್ಚಳ ಸರಿಯಾಗಿ ಕೂತಿಲ್ಲ. ಎಡಗಡೆಯ ಬಾಗಿಲ ಮೇಲೆ ಹಳೆಯ ಗೀರು ಇದೆ, ಮಾಲೀಕರಿಗೆ ಈಗಲೇ ತೋರಿಸು, ಇಲ್ಲವಾದರೆ ನಾಳೆ ನಿನ್ನ ತಲೆಗೆ ಬರುತ್ತದೆ. ಬಾನೆಟ್ಟಿನ ಮೇಲೆ ಕೈ ಇಟ್ಟು ನೋಡು, ಬಿಸಿ ಇದ್ದರೆ ನೆರಳಿಗೆ ನಿಲ್ಲಿಸಿ ಬಿಡು, ಆರುವವರೆಗೆ ಹನಿ ನೀರು ಬೀಳಬಾರದು.

ಈ ಕೊನೆಯ ಮಾತು ಯಾಕೆ ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಚಂದಗಡದ ಕಡೆಯಿಂದ ಮಧ್ಯಾಹ್ನದ ಬಿಸಿಲಲ್ಲಿ ಒಂದು ಜೀಪು ಬಂತು. ಮಾಮಾ ಊಟಕ್ಕೆ ಹೋಗಿದ್ದರು. ಮುಂದಿನ ಗಾಜಿನ ಮೂಲೆಯಲ್ಲಿ ಕಲ್ಲು ಸಿಡಿದು ಆದ ಎಳ್ಳುಕಾಳಿನಷ್ಟು ಗುರುತು ಇತ್ತು. ಡ್ರೈವರ್ ಅವಸರ ಮಾಡಿದ. ಇದ್ದ ಕೆಲಸಗಾರ ತಣ್ಣೀರಿನ ಪೈಪನ್ನು ನೇರ ಗಾಜಿನ ಮೇಲೆ ಹಿಡಿದ. ಕಟ್ ಎಂದು ಒಂದು ಸಣ್ಣ ಸದ್ದು. ನಮ್ಮ ಕಣ್ಣೆದುರೇ ಆ ಗುರುತಿನಿಂದ ಒಂದು ಗೆರೆ ಹೊರಟು, ಗಾಜಿನ ಆ ತುದಿಯವರೆಗೆ ಹಾವಿನಂತೆ ಹರಿದುಹೋಯಿತು. ಕಾದ ಗಾಜು, ಕಾದ ಬ್ರೇಕು, ಇವಕ್ಕೆ ತಣ್ಣೀರು ಆಗುವುದಿಲ್ಲ. ಅಂದಿನಿಂದ ನಾನು ಗಾಡಿಗೆ ಮೊದಲು ಮುಟ್ಟಿಸುವುದು ಒಣ ಅಂಗೈಯನ್ನು.

ನನ್ನ ಸ್ವಂತ ತಪ್ಪು ಆದದ್ದು ಮೂರನೆಯ ತಿಂಗಳಲ್ಲಿ. ಅಣ್ಣಾಸಾಹೇಬರು ಊರಿನ ಬಟ್ಟೆ ವ್ಯಾಪಾರಿ, ಜೈನರು, ಮನೆಯಲ್ಲಿ ಕನ್ನಡ ಆಡುವವರು. ಎಂಟು ದಿನಗಳ ಹಿಂದೆ ಕೊಂಡ ಕರಿ ಬಣ್ಣದ ಕಾರನ್ನು ಮೊದಲ ಸಲ ತೊಳೆಯಲು ತಂದಿದ್ದರು. ಮೇಲೆ ಬರೀ ತೆಳುವಾದ ಧೂಳು. ಇಷ್ಟಕ್ಕೆ ನೀರು ಯಾಕೆ, ಒಮ್ಮೆ ಒಣಬಟ್ಟೆಯಿಂದ ಒರೆಸಿ ಆಮೇಲೆ ನೀರು ಹೊಡೆದರೆ ಬೇಗ ಆಗುತ್ತದೆ ಎಂದು ನನ್ನ ಬುದ್ಧಿ ಹೇಳಿತು. ಮನೆಯಲ್ಲಿ ಕಪಾಟು ಒರೆಸಿದ ಹಾಗೆ ಗುಂಡಗೆ ಒರೆಸಿದೆ. ನೀರು ಹಾಕಿ, ಒಣಗಿಸಿ, ಬಿಸಿಲಿಗೆ ತಂದು ನಿಲ್ಲಿಸಿದಾಗ ಕಂಡಿತು. ಬಾನೆಟ್ಟಿನ ತುಂಬ ಜೇಡರ ಬಲೆಯ ಹಾಗೆ ಸಣ್ಣ ಗೀರುಗಳು. ಧೂಳು ಎಂದು ನಾನು ಒರೆಸಿದ್ದರಲ್ಲಿ ಉಸುಕು ಇತ್ತು. ಅದೂ ಸಾಲದೆಂಬಂತೆ ಡ್ರೈವರ್ ಬಾಗಿಲ ಮೇಲೆ ಗೇಣುದ್ದದ ಒಂದು ಬಿಳಿ ಗೆರೆ.

ದತ್ತೂ ಮಾಮಾ ನನ್ನ ಮುಖ ನೋಡಿದರು. ನನಗಿಂತ ಮುಂಚೆ ಅಣ್ಣಾಸಾಹೇಬರ ಎದುರು ಹೋಗಿ, ಅವಸರದಲ್ಲಿ ತಮ್ಮ ಕೈಯಿಂದಲೇ ಹೀಗಾಯಿತು, ಪಾಲಿಶ್ ಮಾಡಿಸಿಕೊಡುತ್ತೇನೆ ಎಂದರು. ಅಣ್ಣಾಸಾಹೇಬರು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತು ಆ ಗೆರೆಯ ಮೇಲೆ ಉಗುರು ಆಡಿಸಿದರು. ಆಮೇಲೆ ಎದ್ದು ಮಾಮಾನ ಕೈ ನೋಡಿದರು.

"ಮಾಮಾ, ನಿಮ್ಮ ಕೈಯಾಗ ಬಳಿ ಯಾವಾಗಿಂದ ಅದಾವರಿ?" ಎಂದರು.

ಮಾಮಾ ತಲೆ ತಗ್ಗಿಸಿದರು. ನಾನು ಹಸಿರು ಬಳೆಗಳ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಕೆಲಸ ಹೋಯಿತು ಎಂದೇ ತಿಳಿದೆ. ಆದರೆ ಅವರು ನನ್ನತ್ತ ತಿರುಗಿ ಮೆಲ್ಲಗೆ ಹೇಳಿದ್ದು ಇಷ್ಟು: "ಬಳಿ ತಗೀಬ್ಯಾಡ ತಂಗಿ. ಕೆಲಸ ಮಾಡುವಾಗ ಮ್ಯಾಲೆ ಏನರ ಸುತ್ತಿಕೋ."

ಅಂದು ಮನೆಗೆ ಬಂದು ನಮ್ಮವರ ಹಳೆಯ ಉಣ್ಣೆಯ ಸಾಕ್ಸಿನ ತುದಿ ಕತ್ತರಿಸಿದೆ. ಮುಂಗೈಗೆ ಏರಿಸಿದರೆ ಬಳೆಗಳೆಲ್ಲ ಒಳಗೆ. ಮಾರನೆಯ ದಿನ ಎಲ್ಲರೂ ನಕ್ಕರು. ಹದಿನೈದು ದಿನದಲ್ಲಿ ಕಮಲಾ, ಆಮೇಲೆ ಉಳಿದ ಹೆಂಗಸರು ಎಲ್ಲರ ಕೈಯಲ್ಲೂ ಸಾಕ್ಸು. ಗಂಡಸರನ್ನೂ ಮಾಮಾ ಉಂಗುರ, ಗಡಿಯಾರ, ಬೆಲ್ಟಿನ ಬಕ್ಕಲ್ಲು ನೋಡಿಯೇ ಕೆಲಸಕ್ಕೆ ಬಿಡಲು ಶುರು ಮಾಡಿದರು. ನಿಮ್ಮ ಗಾಡಿ ನೀವೇ ತೊಳೆಯುವುದಾದರೂ ಇಷ್ಟು ಮಾಡಿ. ಮೈಮೇಲೆ ಗಟ್ಟಿ ವಸ್ತು ಏನಿದೆ ಎಂದು ಒಮ್ಮೆ ತಡವಿ ನೋಡಿಕೊಳ್ಳಿ. ಒಣ ಧೂಳನ್ನು ಯಾವತ್ತೂ ಒರೆಸಬೇಡಿ. ಮೊದಲು ನೀರು ಹರಿಸಿ, ಉಸುಕು ತಾನಾಗಿ ಇಳಿದು ಹೋಗಲಿ. ಬಟ್ಟೆ ಕೈಜಾರಿ ನೆಲಕ್ಕೆ ಬಿದ್ದರೆ ಅದು ಅಂದಿನ ಮಟ್ಟಿಗೆ ಗಾಲಿ ಒರೆಸುವ ಬಟ್ಟೆ, ಮತ್ತೆ ಬಾನೆಟ್ಟಿಗೆ ಏರಬಾರದು.

ಅಣ್ಣಾಸಾಹೇಬರು ಆ ಗಾಡಿಯನ್ನು ಮತ್ತೆ ನಮ್ಮಲ್ಲಿಗೇ ತಂದರು. ತಂದು, ನೀಲವ್ವನೇ ತೊಳೆಯಲಿ ಎಂದರು. ಅದು ನನಗೆ ಸಿಕ್ಕ ದೊಡ್ಡ ಬಡ್ತಿ.

ಮಾಮಾ ಇದ್ದ ಕೊನೆಯ ವರ್ಷ ಹೊಳೆ ಊರೊಳಗೆ ಬಂತು. ನೀರು ಇಳಿದ ಮೇಲೆ ಕುರುಂದವಾಡದ ಕಡೆಯಿಂದ ಗಾಡಿಗಳನ್ನು ಎಳೆದುಕೊಂಡು ಬರುತ್ತಿದ್ದರು. ಸೀಟಿನವರೆಗೆ ಹೊಳೆಯ ರಾಡಿ. ಎಲ್ಲರಿಗೂ ಒಂದೇ ತವಕ, ಒಮ್ಮೆ ಚಾವಿ ತಿರುಗಿಸಿ ಎಂಜಿನ್ ನಡೆಯುತ್ತದೋ ಇಲ್ಲವೋ ನೋಡಬೇಕು. ಮಾಮಾ ಚಾವಿಗಳನ್ನೆಲ್ಲ ಇಸಿದುಕೊಂಡು ತಮ್ಮ ಜೇಬಿಗೆ ಹಾಕಿಕೊಂಡುಬಿಡುತ್ತಿದ್ದರು. ಮೆಕ್ಯಾನಿಕ್ ಬಂದು ಬ್ಯಾಟರಿ ವೈರು ಬಿಚ್ಚಿ, ಎಂಜಿನ್ ನೋಡುವವರೆಗೆ ಯಾರೂ ತಿರುಗಿಸಕೂಡದು. ನಾವು ಗಾಡಿಯ ಒಳಗೆ ಕೈ ಹಾಕುವ ಮೊದಲು ಬಿದಿರಿನ ಕೋಲಿನಿಂದ ಗಾಡಿಯ ಮೈಮೇಲೆ ನಾಲ್ಕು ಸಲ ಬಡಿದು, ಬಾಗಿಲು ತೆರೆದು, ಹತ್ತು ಹೆಜ್ಜೆ ದೂರ ನಿಲ್ಲಬೇಕು. ಇದು ಅತಿಯಾಯಿತು ಎಂದು ಕಮಲಾ ಗೊಣಗಿದ ದಿನವೇ ಒಂದು ಬಿಳಿ ಗಾಡಿಯ ಸೀಟಿನ ಅಡಿಯಿಂದ ಮಾರುದ್ದದ ಹಾವು ಇಳಿದು, ಅವಸರವಿಲ್ಲದೆ ಕಾಲುವೆಯ ಕಡೆಗೆ ಹೋಯಿತು. ಕೈಗವಸಿಲ್ಲದೆ ಆ ರಾಡಿಗೆ ಕೈ ಹಾಕಿದವರು ಅಂಗೈ ಕೊಯ್ದುಕೊಂಡು ವಾರಗಟ್ಟಲೆ ನರಳಿದ್ದನ್ನೂ ನೋಡಿದೆ. ಹೊಳೆಯ ನೀರು ಒಡೆದ ಗಾಜನ್ನೂ ಗಟಾರವನ್ನೂ ಒಟ್ಟಿಗೇ ಹೊತ್ತು ತಂದಿರುತ್ತದೆ.

ಮಾಮಾ ವಯಸ್ಸಾಗಿ ಊರಿಗೆ ಹೋದರು. ರಸ್ತೆ ಅಗಲವಾಯಿತು, ವಾಷಿಂಗ್ ಸೆಂಟರ್ ಮುಚ್ಚಿತು. ನಾನೂ ಕಮಲಾಳೂ ಮತ್ತೆ ಕಾಂಡಿಗೆ ಹೋಗಿ ಕೂರಬೇಕೇ ಎಂದು ಎರಡು ದಿನ ಯೋಚಿಸಿದೆವು. ಮೂರನೆಯ ದಿನ ಕಮಲಾ, ಗಾಡಿಗಳು ನಮ್ಮಲ್ಲಿಗೆ ಬರದಿದ್ದರೆ ನಾವೇ ಗಾಡಿಗಳ ಹತ್ತಿರ ಹೋಗೋಣ ಎಂದಳು. ಮುಚ್ಚಿದ ಸೆಂಟರಿನ ಒಂದು ಹಳೆಯ ಪಂಪನ್ನು ಕೊಂಡೆವು. ಅಣ್ಣಾಸಾಹೇಬರು ತಮ್ಮ ಕಾಲನಿಯಲ್ಲಿ ನಾಲ್ಕು ಮನೆ ಹೇಳಿಕೊಟ್ಟರು. ಕೊಲ್ಹಾಪುರದಲ್ಲಿ ಅವರ ಬೀಗರ ಮನೆ, ಅವರ ನೆರೆಯವರು, ಹೀಗೆ ಕೆಲಸ ಬೆಳೆಯಿತು. ವಾರಕ್ಕೆ ಎರಡು ದಿನ ಬೆಳಗಿನ ಬಸ್ಸಿಗೆ ಕೊಲ್ಹಾಪುರ, ಉಳಿದ ದಿನ ಇಚಲಕರಂಜಿ.

ಮನೆಯಲ್ಲಿ ತೊಳೆಯುವುದು ಬೇರೆಯೇ ವಿದ್ಯೆ ಎಂದು ಆಗ ತಿಳಿಯಿತು. ಸೆಂಟರಿನಲ್ಲಿ ನೆಲ ಸಮ ಇತ್ತು, ನೀರು ಹರಿದುಹೋಗಲು ದಾರಿ ಇತ್ತು. ಮನೆಯ ಮುಂದೆ ಇಳಿಜಾರು ಇರುತ್ತದೆ. ಕೊಲ್ಹಾಪುರದ ಒಂದು ಮನೆಯಲ್ಲಿ ನಾನು ಹಿಂದಿನ ಬಂಪರ್ ಒರೆಸುತ್ತಿದ್ದಾಗ ಗಾಡಿ ಒಂದು ಗೇಣು ಹಿಂದೆ ಸರಿದು ನನ್ನ ಭುಜಕ್ಕೆ ತಾಗಿತು. ಹ್ಯಾಂಡ್‌ಬ್ರೇಕ್ ಅರ್ಧ ಮಾತ್ರ ಏರಿತ್ತು. ಅಂದಿನಿಂದ ನಮ್ಮ ಚೀಲದಲ್ಲಿ ಎರಡು ಕಟ್ಟಿಗೆಯ ತುಂಡು. ಗಾಲಿಗೆ ಅವನ್ನು ಒತ್ತುಕೊಡದೆ ಬಕೆಟ್ಟು ತುಂಬುವುದಿಲ್ಲ. ಸಾಬೂನಿನ ನೀರು ಪಕ್ಕದ ಮನೆಯ ಬಾಗಿಲಿಗೆ ಹರಿದರೆ ಜಗಳ, ಅಂಗಳದ ಹಾಸುಗಲ್ಲಿನ ಫರಸಿಯ ಮೇಲೆ ನಿಂತರೆ ಯಾರಾದರೂ ಜಾರುತ್ತಾರೆ. ಹಾಗಾಗಿ ಮೊದಲು ಒಂದು ಚೊಂಬು ಬರೀ ನೀರು ಚೆಲ್ಲಿ, ಅದು ಯಾವ ಕಡೆ ಹೋಗುತ್ತದೆ ಎಂದು ನೋಡುವ ರೂಢಿ ಮಾಡಿಕೊಂಡೆವು.

ಇಷ್ಟೆಲ್ಲ ನೋಡುತ್ತಿದ್ದವಳು ಒಂದು ದಿನ ನೋಡಿಯೂ ಸುಮ್ಮನಾದೆ. ಅದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ.

ಅದು ಅಣ್ಣಾಸಾಹೇಬರ ಮನೆ. ಅವರು ಮಧ್ಯಾಹ್ನ ಒಂದು ಮದುವೆಗೆ ಹೋಗುವವರಿದ್ದರು, ಬೇಗ ಮುಗಿಸಿ ಎಂದಿದ್ದರು. ಪಂಪಿನ ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಅರ್ತಿಂಗಿನ ದಪ್ಪ ಪಿನ್ನು ಮುರಿದಿತ್ತು. ಬೆಳಿಗ್ಗೆ ಚೀಲದಿಂದ ತೆಗೆಯುವಾಗಲೇ ನನ್ನ ಕಣ್ಣಿಗೆ ಬಿತ್ತು. ಇದೊಂದು ಗಾಡಿ ಆಗಲಿ, ಸಂಜೆ ಹಾಕಿಸೋಣ ಎಂದುಕೊಂಡೆ. ಕಮಲಾಗೆ ಹೇಳಲಿಲ್ಲ. ವೈರು ಗಾಡಿಯವರೆಗೆ ಮುಟ್ಟಲಿಲ್ಲ. ಮನೆಯವರ ಹತ್ತಿರ ಎಕ್ಸ್‌ಟೆನ್ಷನ್ ಬೋರ್ಡು ಇಸಿದುಕೊಂಡು, ಅಂಗಳದ ಫರಸಿಯ ಮೇಲೇ ಇಟ್ಟು, ಅದಕ್ಕೆ ಚುಚ್ಚಿದೆ. ಎರಡು ತಪ್ಪು, ಎರಡೂ ನನ್ನವೇ.

ಕಮಲಾ ನೊರೆ ಹಚ್ಚಿ, ಪಂಪಿನ ಗನ್ನು ಹಿಡಿದು ಗಾಡಿಯ ಮೇಲ್ಭಾಗ ತೊಳೆಯತೊಡಗಿದಳು. ಬೂಟು ಒದ್ದೆಯಾಗಿ ಕಚ್ಚುತ್ತದೆ ಎಂದು ಅಂದು ಬರಿಗಾಲಲ್ಲಿದ್ದಳು. ನಾನು ಇನ್ನೊಂದು ಬದಿಯಲ್ಲಿ ಗಾಲಿ ತಿಕ್ಕುತ್ತಿದ್ದೆ. ನೀರು ಹರಿಯುತ್ತ ಬೋರ್ಡಿನ ಹತ್ತಿರ ಹೋದದ್ದು ನನಗೆ ಕಾಣಲಿಲ್ಲ. ಪೈಪು ಸಿಕ್ಕಿಕೊಂಡಿತೆಂದು ಕಮಲಾ ಪಂಪನ್ನು ಸರಿಸಲು ಬಗ್ಗಿದಳು. ನನಗೆ ಕೇಳಿಸಿದ್ದು ಗಂಟಲಿನಿಂದ ಬಂದ ಒಂದು ಅರ್ಧ ಸದ್ದು. ಎದ್ದು ನೋಡಿದರೆ ಅವಳ ಕೈ ಪಂಪಿಗೆ ಅಂಟಿಕೊಂಡಿದೆ, ಮೈಯೆಲ್ಲ ನಡುಗುತ್ತಿದೆ, ಕಣ್ಣು ನನ್ನ ಮೇಲೇ ಇದೆ.

ಓಡಿ ಹೋಗಿ ಹಿಡಿದು ಎಳೆಯಬೇಕು ಎಂದೇ ಯಾರಿಗಾದರೂ ಅನ್ನಿಸುವುದು. ನನ್ನ ಕೈಯೂ ಮುಂದೆ ಹೋಗಿತ್ತು. ಹಿಡಿದವರೂ ಹೋಗುತ್ತಾರೆ ಎಂದು ಮಾಮಾ ಎಷ್ಟೋ ಸಲ ಹೇಳಿದ್ದರು. ಎಲ್ಲಿಂದಲೋ ಆ ಮಾತು ಬಂದು ನನ್ನನ್ನು ತಡೆಯಿತು. ತಿರುಗಿ, ಮೆಟ್ಟಿಲು ಹತ್ತಿ, ಪಡಸಾಲೆಯ ಗೋಡೆಯ ಮೇಲಿದ್ದ ಬಟನ್ ಒತ್ತಿದೆ. ಐದಾರು ಹೆಜ್ಜೆಯ ದಾರಿ. ಅವಳ ಕಡೆ ಬೆನ್ನು ತಿರುಗಿಸಿ ಓಡಿದ ಆ ಐದಾರು ಹೆಜ್ಜೆ ಇವತ್ತಿಗೂ ಕನಸಿನಲ್ಲಿ ಬರುತ್ತವೆ.

ಬಟನ್ ಆರಿದಾಗ ಕಮಲಾ ಕುಸಿದು ಬಿದ್ದಳು. ಉಸಿರು ಇತ್ತು, ಮಾತಿರಲಿಲ್ಲ. ಅಣ್ಣಾಸಾಹೇಬರು ಮದುವೆಯ ಬಟ್ಟೆಯಲ್ಲೇ ಹೊರಗೆ ಬಂದರು. ಏನು ಎತ್ತ ಎಂದು ಕೇಳಲಿಲ್ಲ. ಗಾಡಿಯ ಬಾಗಿಲು ತೆರೆದು, ಮುಂದಿನ ಗಾಜಿನ ನೊರೆಯನ್ನು ತಮ್ಮ ರೇಷ್ಮೆ ಶಲ್ಯದಿಂದ ಒರೆಸಿ, ಕಮಲಾಳನ್ನು ಎತ್ತಿ ಒಳಗೆ ಮಲಗಿಸಿ, ನೀನೂ ಹತ್ತು ಎಂದರು. ಮೈತುಂಬ ನೊರೆ ಹೊತ್ತುಕೊಂಡೇ ಆ ಗಾಡಿ ಪೇಟೆಯ ನಡುವೆ ಆಸ್ಪತ್ರೆಗೆ ಹೋಯಿತು. ನೊರೆ ಹಾಗೇ ಒಣಗಿ ಬಣ್ಣದ ಮೇಲೆ ಕಲೆ ಉಳಿಯಿತು. ಆ ಕಲೆಯ ಮಾತನ್ನು ಅವರು ಯಾವತ್ತೂ ಎತ್ತಲಿಲ್ಲ.

ಕಮಲಾಳ ಬಲ ಅಂಗೈ ಸುಟ್ಟಿತ್ತು. ಎರಡು ದಿನ ಡಾಕ್ಟರು ಎದೆಬಡಿತವನ್ನು ಕಾಯುತ್ತ ಇಟ್ಟುಕೊಂಡರು. ಎರಡನೆಯ ದಿನ ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದೆ. ಎದ್ದು ಕುಳಿತಿದ್ದಳು.

"ಪಿನ್ನ ಮುರದಿತ್ತಂತ," ಎಂದಳು. "ನಿನಗ ಗೊತ್ತಿತ್ತೇನ ಅಕ್ಕ?"

ಇಲ್ಲ ಎನ್ನಲು ಬಾಯಿ ತೆರೆದೆ. ಅವಳ ಕೈಯ ಬಿಳಿ ಪಟ್ಟಿ ಕಂಡಿತು.

"ಗೊತ್ತಿತ್ತ," ಎಂದೆ. "ಮುಂಜಾನೆನ ನೋಡಿದ್ದೆ."

ಅವಳು ಚಹಾ ತೆಗೆದುಕೊಳ್ಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಲೋಟವನ್ನು ಅಲ್ಲೇ ಇಟ್ಟು ಬಂದೆ.

ಮೂರು ತಿಂಗಳು ನಾನು ಪಂಪು ಮುಟ್ಟಲಿಲ್ಲ. ಬರೀ ಬಕೆಟ್ಟು, ಬಟ್ಟೆಯಲ್ಲಿ ಇದ್ದಬದ್ದ ಮನೆಗಳನ್ನು ಒಬ್ಬಳೇ ನಿಭಾಯಿಸಿದೆ. ಕಮಲಾಳ ಮನೆಯ ಮುಂದೆ ಹೋಗುವಾಗ ತಲೆ ಎತ್ತುತ್ತಿರಲಿಲ್ಲ. ಬಿಟ್ಟುಬಿಡು ಎಂದು ನಮ್ಮವರು ಹೇಳಿದರು. ಬಿಡುವ ಮನಸ್ಸೂ ಆಗಿತ್ತು.

ಒಂದು ಸಂಜೆ ಕಮಲಾ ತಾನಾಗಿ ಬಂದಳು. ಕೈಯಲ್ಲಿ ಒಂದು ಚೀಲ. ಒಳಗಿನಿಂದ ಸಾಮಾನು ತೆಗೆದು ಒಂದೊಂದಾಗಿ ನೆಲದ ಮೇಲೆ ಇಟ್ಟಳು. ದಪ್ಪ ರಬ್ಬರಿನ ಉದ್ದನೆಯ ಮೂರೆಳೆ ವೈರು, ಹೊಸ ಪ್ಲಗ್ಗು, ಎರಡು ಜೊತೆ ಬೂಟು. ಕರೆಂಟು ಎಲ್ಲಾದರೂ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಆರಿಹೋಗುವ ಒಂದು ಸ್ವಿಚ್ಚಿನ ಪೆಟ್ಟಿಗೆಯೂ ಇತ್ತು. ಅದನ್ನು ಹಾಕುವ ರೀತಿಯನ್ನು ನಮ್ಮ ಓಣಿಯಲ್ಲಿ ವೈರಿಂಗ್ ಮಾಡುವವನ ಹತ್ತಿರ ಕುಳಿತು ಕೇಳಿಕೊಂಡು ಬಂದಿದ್ದಳು.

"ನಾ ಕೆಲಸಕ್ಕ ಬರ್ತೇನಿ," ಎಂದಳು. "ಆದ್ರ ಇನ್ನ ಮ್ಯಾಲೆ ಬಟನ್ ಹಾಕಾಕಿ ನಾನ."

ನಾನು ಅತ್ತೆ. ಅವಳು ಅಳಲಿಲ್ಲ. ಚಹಾ ಮಾಡು ಎಂದಳು.

ಅದಾದ ಮೇಲೆ ನಾವು ಜೊತೆಯಾಗಿ ಕೆಲಸ ಮಾಡಿದ ವರ್ಷಗಳಷ್ಟೂ ಅದೇ ಪದ್ಧತಿ. ಪಂಪು ಒಣ ಜಾಗದಲ್ಲಿ, ಎತ್ತರದಲ್ಲಿ. ವೈರಿನ ಜೋಡಣೆ ನೆಲದ ಮೇಲೆ ಎಲ್ಲೂ ಇಲ್ಲ. ಮನೆಯ ಪ್ಲಗ್ಗಿಗೆ ಅರ್ತಿಂಗ್ ಇಲ್ಲದಿದ್ದರೆ ಅಂದು ಬಕೆಟ್ಟಿನ ಕೆಲಸ ಮಾತ್ರ, ಮಾಲೀಕರು ಏನೇ ಹೇಳಲಿ. ನಾನು ಬೂಟು ಹಾಕಿ, ಗಾಡಿಯ ಸುತ್ತ ಬಂದು, ನೋಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಕಮಲಾ ತನ್ನ ಕಣ್ಣಿನಿಂದ ಇನ್ನೊಮ್ಮೆ ನೋಡಿ ಆಮೇಲೆ ಬಟನ್ ಹಾಕುವಳು. ಎಷ್ಟೋ ಸಲ ನನ್ನ ಮಾತು ನಂಬದೆ ಮತ್ತೆ ಬಗ್ಗಿ ನೋಡಿದ್ದಾಳೆ. ನನಗೆ ಅದರಿಂದ ಬೇಸರ ಬರಲಿಲ್ಲ. ಈಗ ಇಚಲಕರಂಜಿಯಲ್ಲಿ ಅವಳೂ ಅವಳ ಸೊಸೆಯೂ ಅದೇ ಕೆಲಸವನ್ನು ಚೆನ್ನಾಗಿ ನಡೆಸಿದ್ದಾರೆ. ಅಂಗೈಯ ಕಲೆ ಮಾಸಿದೆ. ಚಳಿಗಾಲದಲ್ಲಿ ಸ್ವಲ್ಪ ಸೆಟೆಯುತ್ತದೆ, ಅಷ್ಟೆ.

ಕೆಲಸದ ರೀತಿಯೂ ನಮ್ಮ ಕಣ್ಣೆದುರೇ ಬದಲಾಯಿತು. ಮೊದಲು ಬಟ್ಟೆ ಒಗೆಯುವ ಪುಡಿಯಿಂದಲೇ ಗಾಡಿ ತೊಳೆಯುತ್ತಿದ್ದೆವು, ಬಣ್ಣ ಬಿಳಿಚಿಕೊಂಡರೆ ಬಿಸಿಲಿನ ಮೇಲೆ ತಪ್ಪು ಹಾಕುತ್ತಿದ್ದೆವು. ಆಮೇಲೆ ಗಾಡಿಯದೇ ಶಾಂಪೂ ಬಂತು. ಹಳೆಯ ಬನಿಯನ್ ಹೋಗಿ ಮೆತ್ತನೆಯ ಕೂದಲಿನ ಬಟ್ಟೆಗಳು ಬಂದವು. ಎರಡು ಬಕೆಟ್ಟು ಇಡುವುದನ್ನು ಕಲಿತೆವು, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಕೊಳೆಯಾದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿಯೇ ಶಾಂಪೂವಿಗೆ ಅದ್ದಬೇಕು, ಮೇಲಿನಿಂದ ಕೆಳಗೆ ಬರಬೇಕು. ಬೋರಿನ ಗಡಸು ನೀರಿನ ಬಿಳಿ ಕಲೆ ಹೋಗಲಿ ಎಂದು ಸಂಡಾಸಿನ ಆ್ಯಸಿಡ್ ತಂದು ಕೊಡುವ ಮನೆಯವರೂ ಇದ್ದರು. ಅದನ್ನು ಗಾಲಿಗೆ ಹಾಕಿ ಹೊಗೆ ಎದ್ದು, ಅರ್ಧ ತಾಸು ಕೆಮ್ಮಿದ ಮೇಲೆ ಕೈಮುಗಿದು ವಾಪಸು ಕೊಡುವುದನ್ನು ಕಲಿತೆ. ತೊಳೆದು ಮುಗಿದ ಮೇಲೂ ಒಂದು ಕೆಲಸ ಇದೆ. ಗಾಡಿ ರಸ್ತೆಗೆ ಇಳಿಯುವ ಮೊದಲು ಮೆಲ್ಲಗೆ ನಡೆಸಿ ಎರಡು ಮೂರು ಸಲ ಬ್ರೇಕು ಒತ್ತಬೇಕು. ಒದ್ದೆ ಬ್ರೇಕು ಮೊದಲ ಸಲ ಹೇಳಿದ ಮಾತು ಕೇಳುವುದಿಲ್ಲ.

ಮೊಣಕಾಲು ಹೋದ ಮೇಲೆ ನಾವು ಮಗಳ ಊರಾದ ಗಡಹಿಂಗ್ಲಜಕ್ಕೆ ಬಂದೆವು. ಇಲ್ಲಿ ನಾನು ನೋಡಿಕೊಂಡದ್ದು ಒಂದೇ ಗಾಡಿ, ಅದರ ಕಥೆ ಹೇಳಿ ಮುಗಿಸುತ್ತೇನೆ.

ನಮ್ಮ ಹಿಂದಿನ ಓಣಿಯಲ್ಲಿ ಸುಮತಿ ಅಕ್ಕಾರು ಇದ್ದಾರೆ. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಯಜಮಾನರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅವರು ಇಟ್ಟುಕೊಂಡಿದ್ದ ನೀಲಿ ಕಾರು ಅಂದಿನಿಂದ ಹೊದಿಕೆಯ ಕೆಳಗೇ ನಿಂತಿತ್ತು. ಕೊಲ್ಹಾಪುರದಲ್ಲಿರುವ ಮಗಳು ಮಾರಿಬಿಡು ಎಂದು ಒತ್ತಾಯ ಮಾಡಿ, ಕೊಳ್ಳುವವರನ್ನೂ ಗೊತ್ತು ಮಾಡಿದ್ದಳು. ರವಿವಾರ ಬರುತ್ತಾರೆ, ಅಷ್ಟರಲ್ಲಿ ತೊಳೆದು ಕೊಡಬೇಕು ಎಂದು ಅಕ್ಕಾರು ನನ್ನನ್ನು ಕೇಳಿದರು. ನನ್ನಿಂದ ಬಗ್ಗಲು ಆಗದು ಎಂದೆ. ಹಾಗಾದರೆ ಕುರ್ಚಿಯ ಮೇಲೆ ಕುಳಿತು ಹೇಳಿ, ನಾನೇ ತೊಳೆಯುತ್ತೇನೆ ಎಂದರು.

ಹೊದಿಕೆಯನ್ನು ಎಳೆಯದೆ, ಧೂಳು ಒಳಗೆ ಉಳಿಯುವಂತೆ ಎರಡೂ ಬದಿಯಿಂದ ಮಡಚಿಸಿದೆ. ಗಾಲಿಗೆ ಕಟ್ಟಿಗೆ ಕೊಡಿಸಿದೆ. ಬಹಳ ದಿನ ನಿಂತ ಗಾಡಿ, ಬಾನೆಟ್ ತೆರೆಯದೆ ನೀರು ಬೇಡ ಎಂದೆ. ಅಕ್ಕಾರು ಬಾನೆಟ್ ಎತ್ತಿ ಇಣುಕಿದವರು ಹಾಗೇ ನಿಂತುಬಿಟ್ಟರು. ಬ್ಯಾಟರಿಯ ಪಕ್ಕ ಹಳೆಯ ಹತ್ತಿಬಟ್ಟೆಯ ಗೂಡಿನಲ್ಲಿ ಇನ್ನೂ ಕಣ್ಣು ಬಿಡದ ಮೂರು ಬೆಕ್ಕಿನ ಮರಿಗಳು.

ತಾಯಿ ಬೆಕ್ಕು ಗೋಡೆಯ ಮೇಲಿನಿಂದ ನಮ್ಮನ್ನೇ ನೋಡುತ್ತಿತ್ತು. ಮೆಲ್ಲಗೆ ಬಾನೆಟ್ ಇಳಿಸಿದೆವು. ರವಿವಾರ ಕೊಳ್ಳುವವರು ಬಂದರು. ಧೂಳು ಇದ್ದರೂ ನಡೆಯುತ್ತದೆ, ಎಳೆದುಕೊಂಡು ಹೋಗುತ್ತೇವೆ ಎಂದರು. ಮರಿಗಳು ಹೋಗುವವರೆಗೆ ಗಾಡಿ ಕದಲುವುದಿಲ್ಲ ಎಂದು ಅಕ್ಕಾರು ಹೇಳಿ ಕಳಿಸಿದರು. ಮಗಳು ಫೋನಿನಲ್ಲಿ ಸಿಟ್ಟಾದಳಂತೆ.

ಒಂದೂವರೆ ತಿಂಗಳು ಅವರು ದಿನಾ ಸಂಜೆ ಗಾಡಿಯ ಹತ್ತಿರ ಹಾಲು ಇಟ್ಟರು. ಮರಿಗಳು ಹೆದರಬಾರದೆಂದು ಮುಂದಿನ ಬಾಗಿಲು ತೆರೆದು ಒಳಗೆ ಸುಮ್ಮನೆ ಕೂರುತ್ತಿದ್ದರು. ಮೊದಲು ಪಕ್ಕದ ಸೀಟು, ಕೆಲವು ದಿನಗಳ ಮೇಲೆ ಡ್ರೈವರ್ ಸೀಟು. ಅವರಿಗೆ ಗಾಡಿ ನಡೆಸಲು ಬರುತ್ತಿತ್ತು ಎಂದು ಆಗ ನನಗೆ ಗೊತ್ತಾಯಿತು. ಮದುವೆಗೆ ಮೊದಲೇ ಕಲಿತಿದ್ದರಂತೆ, ಯಜಮಾನರು ಇದ್ದಾಗ ಸ್ಟೇರಿಂಗ್ ಮುಟ್ಟುವ ಪ್ರಸಂಗವೇ ಬಂದಿರಲಿಲ್ಲ.

ಮರಿಗಳು ಗೋಡೆ ಹತ್ತಿ ಹೋದ ಮೇಲೆ ಮೆಕ್ಯಾನಿಕ್ಕನನ್ನು ಕರೆಸಿದರು. ಇಲಿ ಕಡಿದ ಒಂದು ವೈರು, ಸತ್ತ ಬ್ಯಾಟರಿ, ಗಾಳಿ ಇಲ್ಲದ ಗಾಲಿಗಳು ಸರಿಯಾದವು. ಆಮೇಲೆ ಒಂದು ಬೆಳಿಗ್ಗೆ ನೆರಳಿನಲ್ಲಿ, ಬೂಟು ಹಾಕಿ, ಬಳೆಯ ಮೇಲೆ ಪಟ್ಟಿ ಸುತ್ತಿ ಅವರೇ ತೊಳೆದರು. ನಾನು ಕುರ್ಚಿಯಿಂದ ಏಳಲೇ ಇಲ್ಲ. ಎರಡು ವರ್ಷದ ಧೂಳಿನ ನೀರು ಗಟಾರಕ್ಕೆ ಹೋಗುವುದನ್ನು ಅವರು ಬಹಳ ಹೊತ್ತು ನೋಡುತ್ತ ನಿಂತರು. ಕೊಳ್ಳುವವರಿಗೆ ಫೋನು ಮಾಡುವ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಡ್ರೈವಿಂಗ್ ಕಲಿಸುವ ಒಬ್ಬ ಹೆಣ್ಣುಮಗಳು ಬೆಳಿಗ್ಗೆ ಬೆಳಿಗ್ಗೆ ಅವರ ಮನೆಗೆ ಬರತೊಡಗಿದಳು.

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಕ್ಕಾರ ಫೋನು ಬಂತು. ದನಿಯಲ್ಲಿ ಗಾಬರಿಯೋ ಖುಷಿಯೋ ತಿಳಿಯಲಿಲ್ಲ.

"ನೀಲವ್ವ, ಗಾಡಿ ತುಂಬ ಕೆಂಪ ರಾಡಿ ಆಗೇತಿ. ಚಂದಗಡದ ದಾರಿಯಾಗ ಭಾಳ ಮಳಿ ಇತ್ತ. ಗಾಜಿನ ತನಕ ಸಿಡದೇತಿ. ಮೊದ್ಲ ಏನ ಮಾಡ್ಲಿ ಹೇಳ?"

ಇಪ್ಪತ್ತಾರು ವರ್ಷ ಗಾಡಿಯ ಮೇಲೆ ರಾಡಿ ಕಂಡರೆ ನನ್ನ ಕೈ ತಾನಾಗಿ ಬಕೆಟ್ಟಿನ ಕಡೆ ಹೋಗುತ್ತಿತ್ತು. ಅಂದು ಹೋಗಲಿಲ್ಲ.

"ಅದ ಇರ್ಲಿ ಬಿಡ್ರಿ ಅಕ್ಕಾರ," ಎಂದೆ. "ಕುಂದರ್ರಿ, ಚಾ ಕುಡೀರಿ. ಯಾರ್‍ಯಾರು ಹೋಗಿದ್ರಿ, ಅದನ್ನ ಹೇಳ್ರಿ."

"ನಾ ಒಬ್ಬಾಕಿನ ಹೋಗಿದ್ದೆ," ಎಂದರು ಅಕ್ಕಾರು.